ಪ್ರಿನ್ಸ್ ಆಲ್ಬರ್ಟ್ ಕ್ಷೇತ್ರ: ಮತಗಳ ಲೆಕ್ಕವೂ ಮತದಾರರ ಪಟ್ಟಿಯೂ

ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದಲ್ಲಿರುವ ಪ್ರಿನ್ಸ್ ಆಲ್ಬರ್ಟ್ ಚುನಾವಣಾ ಕ್ಷೇತ್ರವನ್ನು 'ಮೂವರು ಪ್ರಧಾನಮಂತ್ರಿಗಳ ಕ್ಷೇತ್ರ' ಎಂದು ಕರೆಯುವ ವಾಡಿಕೆಯುಂಟು. ವಿಲ್ಫ್ರಿಡ್ ಲೋರಿಯೇ, ಮೆಕೆಂಜಿ ಕಿಂಗ್, ಜಾನ್ ಡೀಫನ್‌ಬೇಕರ್ ಈ ಮೂವರೇ ಆ ಪ್ರಧಾನಿಗಳು. ರಾಜಧಾನಿಯಾದ ಆಟವಾದಿಂದ ಬಹುದೂರದಲ್ಲಿ, ಗೋಧಿಯ ಬಯಲು ಮುಗಿದು ಉತ್ತರದ ಕಾಡು ಮೊದಲಾಗುವ ಎಡೆಯಲ್ಲಿರುವ ಒಂದು ಸಣ್ಣ ಪಟ್ಟಣಕ್ಕೆ ಇಂತಹ ಕೀರ್ತಿ ಬಂದುದು ಆಶ್ಚರ್ಯಕರವೇ ಸರಿ. ಆದರೆ ಕೀರ್ತಿವಚನಗಳನ್ನು ಹಾಗೆಯೇ ಒಪ್ಪಿಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತರವಲ್ಲ. ಈ ಕ್ಷೇತ್ರದ ಮತಗಳ ಲೆಕ್ಕವನ್ನು ಓದುವುದಕ್ಕೆ ಮುಂಚೆ, ಮತ ಹಾಕಲು ಯಾರಿಗೆ ಅಧಿಕಾರವಿದ್ದಿತು, ಕ್ಷೇತ್ರದ ಎಲ್ಲೆಯನ್ನು ಯಾರು ಎಳೆದರು ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಈ ಲೇಖನದಲ್ಲಿ ಆ ದೃಷ್ಟಿಯಿಂದಲೇ ವಿಷಯವನ್ನು ವಿವೇಚಿಸಲಾಗಿದೆ.

ಪ್ರಿನ್ಸ್ ಆಲ್ಬರ್ಟ್ ಪಟ್ಟಣವು ಉತ್ತರ ಸಸ್ಕಾಚೆವಾನ್ ನದಿಯ ದಡದಲ್ಲಿದೆ. 1866ರಲ್ಲಿ ಜೇಮ್ಸ್ ನಿಸ್ಬೆಟ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ಇಲ್ಲಿ ಮಿಷನ್ ಸ್ಥಾಪಿಸಿ, ವಿಕ್ಟೋರಿಯಾ ರಾಣಿಯ ಪತಿಯ ಹೆಸರನ್ನು ಇಟ್ಟನು. ಅದಕ್ಕೆ ಎಷ್ಟೋ ಮೊದಲಿನಿಂದ ಕ್ರೀ ಜನರು ಈ ಸೀಮೆಯಲ್ಲಿ ಬೇಟೆಯಾಡಿಕೊಂಡು ಬಾಳುತ್ತಿದ್ದರು. ಮೂಲನಿವಾಸಿಗಳೂ ಯುರೋಪಿಯನ್ನರೂ ಬೆರೆತು ಹುಟ್ಟಿದ ಮೆಟೀ ಜನಾಂಗದವರೂ ನೆಲೆಸಿದ್ದರು. 1876ರಲ್ಲಿ ಇಲ್ಲಿಗೆ ಹೆಚ್ಚು ದೂರವಲ್ಲದ ಕಾರ್ಲ್ಟನ್ ಕೋಟೆಯಲ್ಲಿ ಕ್ರೀ ಮುಖಂಡರು ಬ್ರಿಟಿಷ್ ರಾಣಿಯ ಪ್ರತಿನಿಧಿಗಳೊಡನೆ ಆರನೆಯ ಒಪ್ಪಂದಕ್ಕೆ ಅಂಕಿತ ಹಾಕಿದರು. 1885ರಲ್ಲಿ ಲೂಯಿ ರಿಯೆಲ್‌ನ ನೇತೃತ್ವದಲ್ಲಿ ಮೆಟೀ ಜನರು ದಂಗೆಯೆದ್ದಾಗ, ಡಕ್ ಲೇಕ್ ಕಾಳಗದಲ್ಲಿ ಪ್ರಿನ್ಸ್ ಆಲ್ಬರ್ಟಿನ ಸ್ವಯಂಸೇವಕರು ಸರ್ಕಾರದ ಪಕ್ಷದಲ್ಲಿ ಹೋರಾಡಿ ಮಡಿದರು. ಪಟ್ಟಣಕ್ಕೂ ಅದರ ಸುತ್ತಣ ಮೂಲಜನರಿಗೂ ನಡುವೆ ಆಗ ಬಿದ್ದ ಗೆರೆ ಮುಂದಿನ ಚುನಾವಣೆಗಳ ಹಿನ್ನೆಲೆಯಲ್ಲಿಯೂ ಕಾಣುತ್ತದೆ. ಅದೇ 1885ರಲ್ಲಿ ಪಾರ್ಲಿಮೆಂಟು ಮಾಡಿದ ಮತಾಧಿಕಾರದ ಕಾಯಿದೆಯು ಪೂರ್ವಪ್ರಾಂತಗಳ ಕೆಲವು ಮೂಲನಿವಾಸಿಗಳಿಗೆ ಮತದ ಹಕ್ಕನ್ನು ಕೊಟ್ಟು, ಪಶ್ಚಿಮದವರನ್ನು ಹೊರಗಿಟ್ಟಿತು. 1898ರಲ್ಲಿ ಆ ಕಾಯಿದೆಯೇ ರದ್ದಾಯಿತು.

ಮೊದಲು ಲೋರಿಯೇ ಅವರ ವಿಷಯ. 1896ರ ಸಾರ್ವತ್ರಿಕ ಚುನಾವಣೆಯಲ್ಲಿ ಲಿಬರಲ್ ಪಕ್ಷದ ನಾಯಕರಾಗಿದ್ದ ಅವರು ಕ್ವಿಬೆಕ್ ಈಸ್ಟ್ ಕ್ಷೇತ್ರದಲ್ಲಿಯೂ ವಾಯವ್ಯ ಪ್ರದೇಶದ ಸಸ್ಕಾಚೆವಾನ್ ಕ್ಷೇತ್ರದಲ್ಲಿಯೂ ನಿಂತು ಎರಡರಲ್ಲಿಯೂ ಗೆದ್ದರು. ಹೀಗೆ ಎರಡು ಕಡೆ ನಿಲ್ಲುವುದಕ್ಕೆ ಅಂದಿನ ಕಾನೂನಿನಲ್ಲಿ ಅಡ್ಡಿಯಿರಲಿಲ್ಲ. ಗೆದ್ದ ಮೇಲೆ ಅವರು ಕ್ವಿಬೆಕ್ ಈಸ್ಟನ್ನು ಉಳಿಸಿಕೊಂಡು ಸಸ್ಕಾಚೆವಾನನ್ನು ಬಿಟ್ಟುಕೊಟ್ಟರು. ಆ ಕಾಲಕ್ಕೆ ಸಸ್ಕಾಚೆವಾನ್ ಎಂಬ ಪ್ರಾಂತವೇ ಇರಲಿಲ್ಲ. ಅದು ಹುಟ್ಟಿದುದು 1905ರಲ್ಲಿ. ಪ್ರಿನ್ಸ್ ಆಲ್ಬರ್ಟ್ ಎಂಬ ಹೆಸರಿನ ಕ್ಷೇತ್ರ ರಚಿತವಾದುದು 1907ರಲ್ಲಿ. ಮೊದಲ ಚುನಾವಣೆ ನಡೆದುದು 1908ರಲ್ಲಿ. ಆದುದರಿಂದ ಲೋರಿಯೇ ಅವರು ಈ ಕ್ಷೇತ್ರದ ಪ್ರತಿನಿಧಿಯಾಗಿದ್ದರೆಂಬುದು ಊರಿನ ಅಭಿಮಾನಕ್ಕೆ ಒಪ್ಪುವ ಮಾತೇ ಹೊರತು ದಾಖಲೆಗೆ ಒಪ್ಪುವ ಮಾತಲ್ಲ. ಮೂವರಲ್ಲಿ ಇಬ್ಬರು ಮಾತ್ರ ಉಳಿಯುತ್ತಾರೆ.

1908ರಲ್ಲಿ ಲಿಬರಲ್ ಪಕ್ಷ ಇಲ್ಲಿ ಗೆದ್ದಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳೊಡನೆ ಸುಂಕ ಇಳಿಸುವ ಒಪ್ಪಂದವೇ ಮುಖ್ಯ ಪ್ರಶ್ನೆಯಾಗಿದ್ದ 1911ರ ಚುನಾವಣೆಯಲ್ಲಿ ಗೋಧಿ ಬೆಳೆಯುವ ಸಸ್ಕಾಚೆವಾನ್ ಪ್ರಾಂತವೆಲ್ಲ ಲೋರಿಯೇ ಅವರ ಹಿಂದೆ ನಿಂತು, ಹತ್ತು ಸ್ಥಾನಗಳಲ್ಲಿ ಒಂಬತ್ತನ್ನು ಲಿಬರಲರಿಗೆ ಕೊಟ್ಟಿತು. ಹತ್ತನೆಯದು ಪ್ರಿನ್ಸ್ ಆಲ್ಬರ್ಟ್. ಅಲ್ಲಿ ಕನ್ಸರ್ವೇಟಿವ್ ಪಕ್ಷದ ಜೇಮ್ಸ್ ಮೆಕೇ ಆರಿಸಿ ಬಂದರು. ಬಯಲಿನ ಉಳಿದ ಕ್ಷೇತ್ರಗಳೊಡನೆ ಸುಮ್ಮನೆ ಹೆಜ್ಜೆ ಹಾಕುವ ಸ್ವಭಾವ ಈ ಕ್ಷೇತ್ರಕ್ಕೆ ಮೊದಲಿನಿಂದಲೂ ಇರಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

1917ರ ಚುನಾವಣೆಯನ್ನು ಕುರಿತು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಮಹಾಯುದ್ಧದ ನಡುವೆ ಕಡ್ಡಾಯ ಸೈನ್ಯಸೇವೆಯನ್ನು ಜಾರಿಗೆ ತಂದಿದ್ದ ಬೋರ್ಡನ್ ಸರ್ಕಾರವು ಗೆಲುವನ್ನು ಭದ್ರಪಡಿಸಿಕೊಳ್ಳಲು 'ಯುದ್ಧಕಾಲದ ಚುನಾವಣಾ ಕಾಯಿದೆ'ಯನ್ನು ಮಾಡಿತು. ಅದು ಸೈನಿಕರ ಹೆಂಡತಿ, ತಾಯಿ, ಅಕ್ಕತಂಗಿಯರಿಗೆ ಮತದಾನದ ಹಕ್ಕನ್ನು ಕೊಟ್ಟಿತು. ಶತ್ರುದೇಶಗಳಿಂದ ಬಂದು 1902ರ ಮಾರ್ಚ್ ತಿಂಗಳ ಅನಂತರ ಕೆನಡಾದ ಪೌರರಾದವರಿಂದ ಆ ಹಕ್ಕನ್ನು ಕಸಿದುಕೊಂಡಿತು. ಕಾಡು ಕಡಿದು ಹೊಲ ಮಾಡಿದ ಜರ್ಮನ್ ಭಾಷೆಯ ಒಕ್ಕಲುಗಳೂ, ಆಸ್ಟ್ರಿಯಾ ಸಾಮ್ರಾಜ್ಯದಿಂದ ಬಂದ ಉಕ್ರೇನಿಯನ್ನರೂ ಒಂದೇ ಏಟಿಗೆ ಪಟ್ಟಿಯಿಂದ ಹೊರಬಿದ್ದರು. ಯುದ್ಧವನ್ನು ಪಾಪವೆಂದು ನಂಬಿದ ಮೆನೊನೈಟ್ ಮತ್ತು ಡೂಖೊಬಾರ್ ಪಂಥದವರಿಗೂ ಅದೇ ಗತಿಯಾಯಿತು. ಆ ವರ್ಷ ಪ್ರಿನ್ಸ್ ಆಲ್ಬರ್ಟಿನಲ್ಲಿ ಸರ್ಕಾರದ ಪಕ್ಷವಾದ ಯೂನಿಯನಿಸ್ಟರ ಆಂಡ್ರೂ ನಾಕ್ಸ್ ಗೆದ್ದರು. ನಾಲ್ಕು ವರ್ಷಗಳ ಮೇಲೆ, ಕಳೆದುಕೊಂಡ ಹಕ್ಕು ಮರಳಿದ್ದ ಒಕ್ಕಲುಗಳ ಎದುರಿಗೆ ಅದೇ ನಾಕ್ಸ್ ರೈತರ ಪ್ರೋಗ್ರೆಸಿವ್ ಪಕ್ಷದ ಉಮೇದುವಾರರಾಗಿ ನಿಂತು ಮತ್ತೆ ಗೆದ್ದರು. ಮನುಷ್ಯ ಒಬ್ಬನೇ, ಬದಲಾದುದು ಪಕ್ಷ, ಅದರೊಂದಿಗೆ ಮತದಾರರ ಪಟ್ಟಿ.

ಚೀನಾದಿಂದ ಬಂದವರ ಸ್ಥಿತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಸ್ಕಾಚೆವಾನ್ ಶಾಸನಸಭೆ 1908ರಲ್ಲಿ ಅವರ ಮತಾಧಿಕಾರವನ್ನು ತೆಗೆದುಹಾಕಿತು. 1944ರವರೆಗೆ ಅದು ಮರಳಲಿಲ್ಲ. ಪ್ರಾಂತದ ಪಟ್ಟಿಯಲ್ಲಿ ಜನಾಂಗದ ಕಾರಣದಿಂದ ಸೇರದವನಿಗೆ ಒಕ್ಕೂಟದ ಚುನಾವಣೆಯಲ್ಲಿಯೂ ಮತವಿರಲಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿದ್ದ ನಮ್ಮ ಪಂಜಾಬಿನ ಸಿಖ್ಖರು 1907ರಿಂದ 1947ರವರೆಗೆ ಅನುಭವಿಸಿದುದೂ ಇದೇ ನಿಯಮದ ಫಲ.

ಇನ್ನು ಮೆಕೆಂಜಿ ಕಿಂಗ್. 1925ರ ಅಕ್ಟೋಬರ್ ಚುನಾವಣೆಯಲ್ಲಿ ಪ್ರಧಾನಿಯಾಗಿದ್ದ ಕಿಂಗ್ ಅವರು ಆಂಟೇರಿಯೋದ ನಾರ್ತ್ ಯಾರ್ಕ್ ಕ್ಷೇತ್ರದಲ್ಲಿ ಸೋತರು. ಅವರ ಪಕ್ಷಕ್ಕಿಂತ ಕನ್ಸರ್ವೇಟಿವರಿಗೆ ಹೆಚ್ಚು ಸ್ಥಾನಗಳು ದೊರೆತಿದ್ದರೂ, ಪ್ರೋಗ್ರೆಸಿವರ ಬೆಂಬಲವನ್ನು ನೆಚ್ಚಿ ಅವರು ಅಧಿಕಾರದಲ್ಲಿ ಉಳಿದರು. ಪ್ರಧಾನಿಗೆ ಒಂದು ಸ್ಥಾನ ಬೇಕಾಯಿತು. ಪ್ರಿನ್ಸ್ ಆಲ್ಬರ್ಟಿನಿಂದ ಆಗತಾನೆ ಆರಿಸಿ ಬಂದಿದ್ದ ಲಿಬರಲ್ ಸದಸ್ಯ ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್ ಸಭೆಯಲ್ಲಿ ಒಂದು ಮಾತನ್ನೂ ಆಡದೆ ರಾಜೀನಾಮೆ ಕೊಟ್ಟರು. 1926ರ ಫೆಬ್ರವರಿಯ ಉಪಚುನಾವಣೆಯಲ್ಲಿ ಕಿಂಗ್ ನಿರಾಯಾಸವಾಗಿ ಗೆದ್ದರು. ಅದೇ ವರ್ಷ ಪಾರ್ಲಿಮೆಂಟನ್ನು ವಿಸರ್ಜಿಸಲು ಗೌರ್ನರ್ ಜನರಲ್ ಲಾರ್ಡ್ ಬಿಂಗ್ ಒಪ್ಪದೆ ಹೋದುದು, ಮೀಘನ್ ಮಂತ್ರಿಮಂಡಲದ ಏಳುಬೀಳು ಇವೆಲ್ಲ ರಾಜ್ಯಶಾಸ್ತ್ರದ ತರಗತಿಗಳಲ್ಲಿ ಪರಿಚಿತವಾದ ಕಥೆ. ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ ನಡೆದಾಗ ಕಿಂಗ್ ಅವರಿಗೆ 8,933 ಮತಗಳೂ, ಎದುರು ನಿಂತ ಮೂವತ್ತರ ಹರೆಯದ ಸ್ಥಳೀಯ ವಕೀಲನಿಗೆ 4,838 ಮತಗಳೂ ಬಂದುವು. ಆ ವಕೀಲನೇ ಜಾನ್ ಡೀಫನ್‌ಬೇಕರ್. ಹಿಂದಿನ ವರ್ಷ ಇದೇ ಕ್ಷೇತ್ರದಲ್ಲಿ ಆತ ಮೂರನೆಯ ಸ್ಥಾನಕ್ಕೆ ಬಿದ್ದಿದ್ದನು.

ಕಿಂಗ್ ಈ ಕ್ಷೇತ್ರಕ್ಕೆ ಅತಿಥಿ; ಊರಿನಲ್ಲಿ ವಾಸಮಾಡಿದವರಲ್ಲ. ಅತಿಥಿಯಿಂದ ಊರು ನಿರೀಕ್ಷಿಸಿದುದು ಉಡುಗೊರೆಯನ್ನು. ಪಟ್ಟಣಕ್ಕೆ ಅದರ ಅಗತ್ಯವೂ ಇದ್ದಿತು. ಮಹಾಯುದ್ಧಕ್ಕೆ ಮುಂಚೆ ಲಾ ಕೋಲ್ ಜಲಪಾತದಲ್ಲಿ ವಿದ್ಯುತ್ತಿಗಾಗಿ ಕಟ್ಟಲು ಹೊರಟ ಅಣೆಕಟ್ಟು ಅರ್ಧಕ್ಕೆ ನಿಂತು, ಅದರ ಸಾಲ ಪೌರಸಭೆಯನ್ನು ದಶಕಗಳ ಕಾಲ ಹಿಂಡಿತು. 1927ರಲ್ಲಿ ಪಟ್ಟಣದ ಉತ್ತರಕ್ಕೆ ಪ್ರಿನ್ಸ್ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಲಾಯಿತು. 1928ರಲ್ಲಿ ಕಿಂಗ್ ಅವರೇ ಬಂದು ಅದನ್ನು ತೆರೆದರು. ಪ್ರಧಾನಿಗೆ ಸ್ಥಾನ ಕೊಟ್ಟುದಕ್ಕೆ ಸಂದ ಪ್ರತಿಫಲವಿದೆಂದು ಜನ ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ರಸ್ತೆ ಬಂದಿತು, ಪ್ರವಾಸಿಗಳು ಬಂದರು. ಆದರೆ ಉದ್ಯಾನದ ನಿಯಮದಂತೆ ಬೇಟೆಗೂ ಬಲೆಗೂ ನಿಷೇಧ ಬಿದ್ದಾಗ, ಆ ಕೆರೆಕಾಡುಗಳನ್ನು ನೆಚ್ಚಿ ಬಾಳುತ್ತಿದ್ದ ಕ್ರೀ ಜನರ ನೆಲೆ ತಪ್ಪಿತು. ಒಪ್ಪಂದಕ್ಕೆ ಸೇರಿದ ಮೂಲನಿವಾಸಿಗಳಿಗೆ ಮತವಿರಲಿಲ್ಲವಾದುದರಿಂದ ಪ್ರತಿನಿಧಿಯಾದವನು ಅವರಿಗೆ ಉತ್ತರ ಹೇಳಬೇಕಾದ ಅಗತ್ಯ ಬೀಳಲಿಲ್ಲ. ಕಿಂಗ್ ಅವರ ದೊಡ್ಡ ಬಹುಮತಗಳನ್ನು ಓದುವಾಗ ನಾವು ಇದನ್ನು ಮರೆಯುವಂತಿಲ್ಲ.

1930, 1935, 1940ರಲ್ಲಿಯೂ ಕಿಂಗ್ ಇಲ್ಲಿಂದ ಗೆದ್ದರು. 1945ರ ಜೂನ್ ಚುನಾವಣೆಯಲ್ಲಿ ಅವರ ಪಕ್ಷ ದೇಶದಲ್ಲಿ ಅಧಿಕಾರವನ್ನು ಉಳಿಸಿಕೊಂಡರೂ, ಪ್ರಧಾನಿ ತಮ್ಮ ಕ್ಷೇತ್ರದಲ್ಲಿ 129 ಮತಗಳಿಂದ ಸೋತರು. ಗೆದ್ದವರು ಸಿ.ಸಿ.ಎಫ್. ಎಂಬ ಸಮಾಜವಾದಿ ಪಕ್ಷದ ಎಡ್ವರ್ಡ್ ಬೊವರ್‌ಮನ್. ಸೈನಿಕರ ಮತಗಳನ್ನು ಎಣಿಸಿದ ಮೇಲೆ ಫಲಿತಾಂಶ ತಿರುಗಿತು. ಯುರೋಪಿನ ರಣಭೂಮಿಗೆ ಬಲ ಕಳುಹಿಸುವುದರಲ್ಲಿ ಸರ್ಕಾರ ತಡಮಾಡಿತೆಂಬ ಅಸಮಾಧಾನ ಯೋಧರಲ್ಲಿ ಬಲವಾಗಿದ್ದಿತು. ಅದೊಂದೇ ಕಾರಣವೆಂದು ಹೇಳುವುದು ಮಾತ್ರ ಸರಿಯಲ್ಲ. ಹಿಂದಿನ ವರ್ಷವೇ ಪ್ರಾಂತದಲ್ಲಿ ಟಾಮಿ ಡಗ್ಲಾಸ್ ಅವರ ಸಿ.ಸಿ.ಎಫ್. ಸರ್ಕಾರ ಬಂದಿದ್ದಿತು, 1945ರಲ್ಲಿ ಸಸ್ಕಾಚೆವಾನಿನ 21 ಸ್ಥಾನಗಳಲ್ಲಿ 18 ಆ ಪಕ್ಷದ ಪಾಲಾದುವು. ಹತ್ತೊಂಬತ್ತು ವರ್ಷಗಳ ಅತಿಥಿಯನ್ನು ಈ ಪ್ರವಾಹದಲ್ಲಿ ಹಿಡಿದು ನಿಲ್ಲಿಸುವಷ್ಟು ಆಳವಾದ ಬೇರು ಕ್ಷೇತ್ರದಲ್ಲಿ ಇರಲಿಲ್ಲ. ಕಿಂಗ್ ಆಂಟೇರಿಯೋದ ಗ್ಲೆಂಗ್ಯಾರಿಯಿಂದ ಉಪಚುನಾವಣೆಯಲ್ಲಿ ಸಭೆಗೆ ಮರಳಿದರು.

ಆ ಪ್ರವಾಹದಲ್ಲಿ ಪ್ರಾಂತದಿಂದ ಉಳಿದುಕೊಂಡ ಒಬ್ಬನೇ ಕನ್ಸರ್ವೇಟಿವ್ ಸದಸ್ಯರು ಡೀಫನ್‌ಬೇಕರ್. ಪ್ರಿನ್ಸ್ ಆಲ್ಬರ್ಟಿನಲ್ಲಿ ಪಾರ್ಲಿಮೆಂಟಿಗೆ ಎರಡು ಸಲ, ಪ್ರಾಂತದ ಶಾಸನಸಭೆಗೆ ಒಂದು ಸಲ, ಪುರಾಧ್ಯಕ್ಷ ಪದವಿಗೆ ಒಂದು ಸಲ ನಿಂತು ಸೋತ ಅವರು 1940ರಲ್ಲಿ ಲೇಕ್ ಸೆಂಟರ್ ಎಂಬ ಬೇರೆ ಕ್ಷೇತ್ರದಿಂದ ಲೋಕಸಭೆಯನ್ನು ಸೇರಿದ್ದರು. 1952ರ ಪುನರ್ವಿಂಗಡಣೆಯಲ್ಲಿ ಪ್ರಾಂತದ ಸ್ಥಾನಗಳು 20ರಿಂದ 17ಕ್ಕೆ ಇಳಿದಾಗ ಲೇಕ್ ಸೆಂಟರ್ ಮಾಯವಾಯಿತು. ಇದು ತಮ್ಮನ್ನು ಮುಗಿಸಲು ಲಿಬರಲ್ ಮಂತ್ರಿ ಜಿಮ್ಮಿ ಗಾರ್ಡಿನರ್ ಹೂಡಿದ ಉಪಾಯವೆಂದು ಡೀಫನ್‌ಬೇಕರ್ ನಂಬಿದ್ದರು. ಎಲ್ಲೆಗಳನ್ನು ಆಗ ಎಳೆಯುತ್ತಿದ್ದುದು ಪಾರ್ಲಿಮೆಂಟಿನ ಸಮಿತಿ, ಎಂದರೆ ವಾಸ್ತವವಾಗಿ ಬಹುಮತದ ಪಕ್ಷ. ಆ ಕೆಲಸ ಪ್ರತಿ ಪ್ರಾಂತದ ಸ್ವತಂತ್ರ ಆಯೋಗಕ್ಕೆ ಬಂದುದು 1964ರ ಕಾಯಿದೆಯಿಂದ. ಉಪಾಯವಾಗಿದ್ದರೆ ಅದು ತಿರುಗುಬಾಣವಾಯಿತು. 1953ರಲ್ಲಿ ಸ್ವಂತ ಊರಾದ ಪ್ರಿನ್ಸ್ ಆಲ್ಬರ್ಟಿನಲ್ಲಿ ನಿಂತ ಅವರು ಸುಮಾರು ಮೂರು ಸಾವಿರ ಮತಗಳಿಂದ ಗೆದ್ದರು. 1957ರಲ್ಲಿ ಪ್ರಧಾನಿಯಾದರು, 1958ರಲ್ಲಿ 265 ಸ್ಥಾನಗಳಲ್ಲಿ 208ನ್ನು ಗಳಿಸಿದರು. 1963ರಲ್ಲಿ ಅಧಿಕಾರ ಹೋಯಿತು, 1967ರಲ್ಲಿ ಪಕ್ಷದ ನಾಯಕತ್ವವೂ ಹೋಯಿತು; ಕ್ಷೇತ್ರ ಹೋಗಲಿಲ್ಲ. 1979ರವರೆಗೆ ಹತ್ತು ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಿನ್ಸ್ ಆಲ್ಬರ್ಟ್ ಅವರನ್ನೇ ಆರಿಸಿತು.

ಇದರಲ್ಲಿ ನಮಗೆ ಅತ್ಯಂತ ಮಹತ್ತ್ವದ್ದಾಗಿ ಕಾಣುವುದು 1960. ಆ ವರ್ಷ ಡೀಫನ್‌ಬೇಕರ್ ಸರ್ಕಾರವು ಚುನಾವಣಾ ಕಾಯಿದೆಯನ್ನು ತಿದ್ದಿ, ಒಪ್ಪಂದದ ಹಕ್ಕುಗಳನ್ನು ಬಿಟ್ಟುಕೊಡದೆಯೇ ಮೂಲನಿವಾಸಿಗಳು ಮತ ಹಾಕಬಹುದೆಂದು ಮಾಡಿತು. ಜುಲೈ 1ರಿಂದ ಅದು ಜಾರಿಗೆ ಬಂದಿತು. ಅಲ್ಲಿಯವರೆಗೆ, ಯುದ್ಧದಲ್ಲಿ ಸೇವೆ ಮಾಡಿದವರಂತಹ ಕೆಲವರ ಹೊರತು, ಮೀಸಲು ಪ್ರದೇಶದ ನಿವಾಸಿಗೆ ಮತ ಬೇಕಾದರೆ ಆತ ಕಾನೂನಿನ ದೃಷ್ಟಿಯಲ್ಲಿ 'ಇಂಡಿಯನ್' ಆಗಿರುವುದನ್ನೇ ಬಿಡಬೇಕಾಗಿದ್ದಿತು. ಭಾರತದಲ್ಲಿ ಗುಡ್ಡಗಾಡಿನ ಜನರೂ ಸೇರಿ ವಯಸ್ಕರೆಲ್ಲರೂ ಮತ ಹಾಕಿದ 1951–52ರ ಮಹಾಚುನಾವಣೆ ಕಳೆದು ಆಗಲೇ ಎಂಟು ವರ್ಷಗಳಾಗಿದ್ದುವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಈ ಹಕ್ಕನ್ನು ಎಲ್ಲ ಮೂಲನಿವಾಸಿಗಳೂ ಹರ್ಷದಿಂದ ಬರಮಾಡಿಕೊಳ್ಳಲಿಲ್ಲ. ಮತ ಕೊಟ್ಟವರು ಮುಂದೆ ಒಪ್ಪಂದವನ್ನು ಕಿತ್ತುಕೊಂಡಾರೆಂಬ ಶಂಕೆ ಅನೇಕರಲ್ಲಿತ್ತು. ಹಿಂದಿನ ಅನುಭವವನ್ನು ನೋಡಿದರೆ ಆ ಶಂಕೆ ನಿರಾಧಾರವೆನ್ನಲಾಗದು. ಪ್ರಿನ್ಸ್ ಆಲ್ಬರ್ಟಿನ ನೆರೆಯ ಕ್ರೀ ಮತ್ತು ಡಕೋಟಾ ಜನರು ಸಾರ್ವತ್ರಿಕ ಚುನಾವಣೆಯ ಪಟ್ಟಿಗೆ ಈ ಹಕ್ಕಿನಿಂದ ಮೊದಲು ಸೇರಿದುದು 1962ರಲ್ಲಿ. ಕಾರ್ಲ್ಟನ್ ಕೋಟೆಯ ಒಪ್ಪಂದಕ್ಕೆ ಆಗ ಎಂಬತ್ತಾರು ವರ್ಷ.

1979ರ ಆಗಸ್ಟಿನಲ್ಲಿ ಡೀಫನ್‌ಬೇಕರ್ ತೀರಿಕೊಂಡರು. ನವೆಂಬರಿನ ಉಪಚುನಾವಣೆಯಲ್ಲಿ ಗೆದ್ದುದು ಅವರ ಪಕ್ಷವಲ್ಲ; ಸಿ.ಸಿ.ಎಫ್.ನ ಉತ್ತರಾಧಿಕಾರಿಯಾದ ನ್ಯೂ ಡೆಮೊಕ್ರಾಟಿಕ್ ಪಕ್ಷದ ಸ್ಟಾನ್ ಹೊವ್ಡೆಬೊ. ಇಪ್ಪತ್ತಾರು ವರ್ಷಗಳ ಮತಗಳು ಕನ್ಸರ್ವೇಟಿವ್ ಪಕ್ಷಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯನಿಗೆ ಬಿದ್ದಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಂದಿನ ಕಥೆ ಎಲ್ಲೆಯ ಕಥೆ. 1988ರ ಚುನಾವಣೆಯ ಹೊತ್ತಿಗೆ ಕ್ಷೇತ್ರವನ್ನು ಉತ್ತರದ ಕ್ರೀ, ಡೆನೆ ಮತ್ತು ಮೆಟೀ ಹಳ್ಳಿಗಳೊಡನೆ ಕೂಡಿಸಿ 'ಪ್ರಿನ್ಸ್ ಆಲ್ಬರ್ಟ್–ಚರ್ಚಿಲ್ ರಿವರ್' ಎಂದು ಹೆಸರಿಡಲಾಯಿತು. ಅಲ್ಲಿ ಆ ವರ್ಷ ನ್ಯೂ ಡೆಮೊಕ್ರಾಟಿಕ್ ಪಕ್ಷವೂ 1993ರಲ್ಲಿ ಲಿಬರಲ್ ಪಕ್ಷವೂ ಗೆದ್ದುವು. 1997ರಲ್ಲಿ ಉತ್ತರವನ್ನು ಮತ್ತೆ ಕತ್ತರಿಸಿ ಬೇರೆ ಕ್ಷೇತ್ರ ಮಾಡಲಾಗಿ, ಹಳೆಯ ಹೆಸರಿಗೆ ಮರಳಿದ ಪ್ರಿನ್ಸ್ ಆಲ್ಬರ್ಟ್ ಬಲಪಂಥದ ರಿಫಾರ್ಮ್ ಪಕ್ಷವನ್ನು ಆರಿಸಿತು. 2000ದಲ್ಲಿ ಅದರ ಉತ್ತರಾಧಿಕಾರಿಯಾದ ಅಲಯನ್ಸ್ ಪಕ್ಷವನ್ನು. 2004ರಿಂದ ಪ್ರತಿ ಸಾರ್ವತ್ರಿಕ ಚುನಾವಣೆಯಲ್ಲಿಯೂ ಕನ್ಸರ್ವೇಟಿವ್ ಪಕ್ಷವನ್ನು. ಪಟ್ಟಣದ ಜನರ ಮನಸ್ಸು ನಾಲ್ಕೇ ವರ್ಷಗಳಲ್ಲಿ ಬದಲಾಯಿತೆಂದು ಈ ಅಂಕಿಗಳಿಂದ ಸಾಧಿಸಹೊರಡುವುದು ಅವಸರದ ಮಾತಾದೀತು. ದೇಶದಾದ್ಯಂತ ಪಕ್ಷಗಳೂ ಆ ಕಾಲದಲ್ಲಿ ಒಡೆದು ಕೂಡುತ್ತಿದ್ದುದು ನಿಜ. ಆದರೆ 1993ರಲ್ಲಿ ಎಣಿಕೆಯಾದ ಜನರೂ 1997ರಲ್ಲಿ ಎಣಿಕೆಯಾದ ಜನರೂ ಒಂದೇ ಅಲ್ಲ. 2025ರ ಏಪ್ರಿಲ್ ಚುನಾವಣೆಯಲ್ಲಿ ಸಸ್ಕಾಚೆವಾನಿನ 14 ಸ್ಥಾನಗಳಲ್ಲಿ 13ನ್ನು ಕನ್ಸರ್ವೇಟಿವರು ಗೆದ್ದರು. ಲಿಬರಲರಿಗೆ ದೊರೆತ ಒಂದೇ ಒಂದು ಸ್ಥಾನ, ಪ್ರಿನ್ಸ್ ಆಲ್ಬರ್ಟಿನಿಂದ ಹಾಗೆ ಬೇರ್ಪಟ್ಟ ಉತ್ತರದ ಕ್ಷೇತ್ರ.