ಎರಡನೆಯ ಮಹಾಯುದ್ಧದ ನಿರ್ಣಾಯಕ ತಿರುವುಗಳು

ಎರಡನೆಯ ಮಹಾಯುದ್ಧದಲ್ಲಿ (1939–45) ಜರ್ಮನಿ, ಇಟಲಿ, ಜಪಾನ್‌ಗಳ ಅಕ್ಷಕೂಟವು ಆಕ್ರಮಣ ಬಿಟ್ಟು ಆತ್ಮರಕ್ಷಣೆಗೆ ಇಳಿಯುವಂತೆ ಮಾಡಿದ ಘಟ್ಟಗಳು. 1942ರ ಜೂನ್‌ನಿಂದ 1943ರ ಜುಲೈವರೆಗೆ ಪೆಸಿಫಿಕ್ ಸಾಗರ, ಉತ್ತರ ಆಫ್ರಿಕ, ರಷ್ಯ ಮತ್ತು ಅಟ್ಲಾಂಟಿಕ್ ಸಾಗರಗಳಲ್ಲಿ ಇಂಥ ತಿರುವುಗಳು ಒಂದರ ಹಿಂದೊಂದು ಬಂದವು. ಮತ್ತೆ ತುಂಬಿಕೊಳ್ಳಲಾಗದ ನಷ್ಟ ಮತ್ತು ಸರಬರಾಜಿನ ಕೊರತೆ ಇವೆಲ್ಲಕ್ಕೂ ಸಮಾನವಾದ ಅಂಶಗಳು.

ಹಿನ್ನೆಲೆ

1940ರಲ್ಲಿ ಫ್ರಾನ್ಸ್ ಆರೇ ವಾರಗಳಲ್ಲಿ ಸೋತಿತು. ಆದರೆ ಆ ವರ್ಷದ ವೈಮಾನಿಕ ಕದನದಲ್ಲಿ ಜರ್ಮನಿ ಬ್ರಿಟನ್ನನ್ನು ಮಣಿಸಲಾಗಲಿಲ್ಲ. 1941ರ ಜೂನ್ 22ರಂದು ಹಿಟ್ಲರ್ ಸುಮಾರು 30 ಲಕ್ಷ ಸೈನಿಕರೊಂದಿಗೆ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಹೋದ. ಆ ಡಿಸೆಂಬರ್‌ನ ಮೊದಲ ವಾರದಲ್ಲಿ ಸೋವಿಯತ್ ಸೇನೆ ಮಾಸ್ಕೊ ಬಳಿ ಪ್ರತಿದಾಳಿ ನಡೆಸಿತು. 7ರಂದು ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಎರಗಿತು. 11ರಂದು ಜರ್ಮನಿ ಅಮೆರಿಕದ ವಿರುದ್ಧ ಯುದ್ಧ ಸಾರಿತು. ಬಲಾಬಲದ ಲೆಕ್ಕ ಅಲ್ಲಿಗೇ ಬದಲಾಗಿತ್ತು. ಆದರೆ ಅದರ ಪರಿಣಾಮ ಕಾಣಲು ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ಜಪಾನ್ ಸಿಂಗಪುರ ಮತ್ತು ಬರ್ಮಾಗಳನ್ನು ಗೆದ್ದುಕೊಂಡಿತು.

ಮಿಡ್‌ವೇ (1942 ಜೂನ್ 4–7)

ಪೆಸಿಫಿಕ್ ನಡುವಿನ ಮಿಡ್‌ವೇ ದ್ವೀಪವನ್ನು ಹಿಡಿದು, ಅದರ ನೆಪದಲ್ಲಿ ಅಮೆರಿಕದ ವಿಮಾನವಾಹಕ ನೌಕೆಗಳನ್ನು ಬಲೆಗೆ ಕೆಡವುವುದು ಜಪಾನಿನ ನೌಕಾಧಿಪತಿ ಯಮಮೊಟೊನ ಯೋಜನೆ. ಜಪಾನಿನ ಗೂಢಲಿಪಿಯನ್ನು ಭಾಗಶಃ ಭೇದಿಸಿದ್ದ ಅಮೆರಿಕನ್ನರಿಗೆ 'ಎಎಫ್' ಎಂಬ ಸ್ಥಳದ ಮೇಲೆ ದಾಳಿಯಾಗಲಿದೆ ಎಂದು ತಿಳಿದಿತ್ತು. ಅದು ಮಿಡ್‌ವೇಯೇ ಎಂದು ಖಚಿತಪಡಿಸಿಕೊಳ್ಳಲು ಅವರು ಒಂದು ಉಪಾಯ ಹೂಡಿದರು. ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಎಂಬ ಸುಳ್ಳು ಸುದ್ದಿಯನ್ನು ಮಿಡ್‌ವೇಯಿಂದ ಬಹಿರಂಗವಾಗಿ ರೇಡಿಯೊದಲ್ಲಿ ಕಳಿಸಿದರು. 'ಎಎಫ್‌ನಲ್ಲಿ ನೀರಿನ ಅಭಾವವಿದೆ' ಎಂಬ ಜಪಾನಿ ಸಂದೇಶ ಬೇಗನೆ ಸಿಕ್ಕಿತು. ಅಮೆರಿಕದ ನೌಕಾಧಿಪತಿ ನಿಮಿಟ್ಸ್ ತನ್ನ ಮೂರು ವಿಮಾನವಾಹಕಗಳನ್ನು ಮೊದಲೇ ಹೊಂಚಿನಲ್ಲಿರಿಸಿದ. ಇವುಗಳಲ್ಲಿ ಒಂದಾದ ಯಾರ್ಕ್‌ಟೌನ್ ಹಿಂದಿನ ತಿಂಗಳಷ್ಟೇ ಹವಳ ಸಮುದ್ರದ ಕದನದಲ್ಲಿ ಪೆಟ್ಟು ತಿಂದಿತ್ತು. ಅದನ್ನು ಮೂರೇ ದಿನಗಳಲ್ಲಿ ರಿಪೇರಿ ಮಾಡಿ ಮತ್ತೆ ಕಡಲಿಗಿಳಿಸಲಾಗಿತ್ತು.

ಜೂನ್ 4ರ ಬೆಳಗ್ಗೆ ಅಮೆರಿಕದ ಟಾರ್ಪೆಡೊ ವಿಮಾನಗಳ ದಾಳಿ ಪೂರ್ತಿ ವಿಫಲವಾಯಿತು. ಹಾರ್ನೆಟ್ ನೌಕೆಯಿಂದ ಹೊರಟ 15 ಟಾರ್ಪೆಡೊ ವಿಮಾನಗಳೂ ಉರುಳಿ, 30 ಮಂದಿಯಲ್ಲಿ ಒಬ್ಬನೇ ಬದುಕುಳಿದ. ಈ ನಡುವೆ ಎಂಟರ್‌ಪ್ರೈಸ್ ನೌಕೆಯ ಡೈವ್ ಬಾಂಬರ್‌ಗಳ ನಾಯಕ ಮೆಕ್‌ಕ್ಲಸ್ಕಿ ಇಂಧನ ಕರಗುತ್ತಿದ್ದರೂ ಶತ್ರುವನ್ನು ಅರಸುತ್ತಿದ್ದ. ಜಲಾಂತರ್ಗಾಮಿಯೊಂದನ್ನು ಬೆನ್ನಟ್ಟಿ ಹಿಂದುಳಿದಿದ್ದ ಜಪಾನಿನ ಅರಾಶಿ ಎಂಬ ಹಡಗು ತನ್ನ ಪಡೆಯನ್ನು ಕೂಡಿಕೊಳ್ಳಲು ಧಾವಿಸುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅದು ಸಾಗುತ್ತಿದ್ದ ದಿಕ್ಕನ್ನೇ ಅವನು ಹಿಡಿದ. ಜಪಾನಿನ ಕಾವಲು ವಿಮಾನಗಳು ಟಾರ್ಪೆಡೊ ವಿಮಾನಗಳನ್ನು ಎದುರಿಸಲು ಕೆಳಮಟ್ಟಕ್ಕೆ ಇಳಿದಿದ್ದವು. ಸುಮಾರು 10.20ರ ವೇಳೆಗೆ ಮೇಲಿನಿಂದ ಎರಗಿದ ಅಮೆರಿಕದ ಡೈವ್ ಬಾಂಬರ್‌ಗಳು ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗಾ, ಸೊರ್ಯು ವಿಮಾನವಾಹಕಗಳಿಗೆ ಬೆಂಕಿ ಹಚ್ಚಿದವು. ನಾಲ್ಕನೆಯದಾದ ಹಿರ್ಯು ಸಂಜೆಯ ಹೊತ್ತಿಗೆ ಹೊತ್ತಿ ಉರಿಯುತ್ತಿತ್ತು. ಅಮೆರಿಕ ಯಾರ್ಕ್‌ಟೌನನ್ನು ಕಳೆದುಕೊಂಡಿತು. ಅಂಥ ನಷ್ಟ ತುಂಬಿಕೊಡುವ ಹಡಗುಕಟ್ಟೆಗಳು ಅದಕ್ಕಿದ್ದವು, ಜಪಾನಿಗಿರಲಿಲ್ಲ.

ಎಲ್ ಅಲಮೀನ್ (1942 ಅಕ್ಟೋಬರ್–ನವೆಂಬರ್)

ಸೂಯೆಜ್ ಕಾಲುವೆಯತ್ತ ನುಗ್ಗುತ್ತಿದ್ದ ಜರ್ಮನ್ ಸೇನಾನಿ ರೊಮ್ಮೆಲ್‌ನನ್ನು ಬ್ರಿಟಿಷ್ ಎಂಟನೆಯ ಸೇನೆ ಈಜಿಪ್ಟಿನ ಅಲೆಗ್ಸಾಂಡ್ರಿಯದ ಪಶ್ಚಿಮಕ್ಕೆ ಸುಮಾರು 100 ಕಿಮೀ ದೂರದಲ್ಲಿ ತಡೆದು ನಿಲ್ಲಿಸಿತು. ಅದರ ಸೇನಾನಿ ಮಾಂಟ್‌ಗೊಮೆರಿಯ ಬಳಿ ಇಮ್ಮಡಿ ಟ್ಯಾಂಕುಗಳಿದ್ದವು. ರೊಮ್ಮೆಲ್‌ಗೆ ಇಂಧನ ತರುತ್ತಿದ್ದ ಹಡಗುಗಳು ಮೆಡಿಟರೇನಿಯನ್ ಸಮುದ್ರದಲ್ಲೇ ಮುಳುಗುತ್ತಿದ್ದವು. ಭಾರತದ ನಾಲ್ಕನೆಯ ಡಿವಿಜನ್ ಕೂಡ ಇಲ್ಲಿ ಹೋರಾಡಿತು. ಸೋತ ರೊಮ್ಮೆಲ್ ಪಶ್ಚಿಮಕ್ಕೆ ಹಿಮ್ಮೆಟ್ಟಿದ. 1943ರ ಮೇ ತಿಂಗಳಲ್ಲಿ ಟ್ಯುನೀಸಿಯದಲ್ಲಿ ಅಕ್ಷಕೂಟದ ಸುಮಾರು 2.5 ಲಕ್ಷ ಸೈನಿಕರು ಶರಣಾದರು.

ಸ್ಟಾಲಿನ್‌ಗ್ರಾಡ್ (1942 ಆಗಸ್ಟ್–1943 ಫೆಬ್ರವರಿ)

ಕಾಕಸಸ್‌ನ ತೈಲಬಾವಿಗಳನ್ನು ವಶಪಡಿಸಿಕೊಳ್ಳಲು ಹೊರಟ ಜರ್ಮನ್ ಸೇನೆಯ ಒಂದು ಭಾಗ ವೋಲ್ಗಾ ದಂಡೆಯ ಈ ಕೈಗಾರಿಕಾ ನಗರದಲ್ಲಿ ಸಿಕ್ಕಿಕೊಂಡಿತು. ಸೋವಿಯತ್ ಸೇನಾನಿ ಚುಯ್ಕೊವ್‌ನ 62ನೆಯ ಸೇನೆ ಮನೆಮನೆಗೂ ಕಾದಾಡಿ ನಗರದ ಕೊನೆಯ ಪಟ್ಟಿಯನ್ನು ಉಳಿಸಿಕೊಂಡಿತು. ನವೆಂಬರ್ 19–20ರಂದು ಸೋವಿಯತ್ ಪಡೆಗಳು ನಗರವನ್ನು ಬಿಟ್ಟು, ಅದರ ಎರಡು ಪಕ್ಕಗಳನ್ನು ಕಾಯುತ್ತಿದ್ದ ದುರ್ಬಲ ರುಮೇನಿಯನ್ ಸೇನೆಗಳ ಮೇಲೆ ಬಿದ್ದವು. ನಾಲ್ಕೇ ದಿನಗಳಲ್ಲಿ ಕಲಾಚ್ ಬಳಿ ಎರಡೂ ತುದಿಗಳು ಕೂಡಿ, ಜರ್ಮನ್ ಸೇನಾನಿ ಪೌಲಸ್‌ನ ಆರನೆಯ ಸೇನೆ ಸುತ್ತುವರಿಯಲ್ಪಟ್ಟಿತು.

ಸಿಕ್ಕಿಬಿದ್ದ ಸೇನೆಗೆ ವಿಮಾನಗಳ ಮೂಲಕ ಸರಬರಾಜು ಮಾಡುವುದಾಗಿ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಭರವಸೆ ಕೊಟ್ಟ. ಹಿಟ್ಲರ್ ಹಿಮ್ಮೆಟ್ಟಲು ಬಿಡಲಿಲ್ಲ. ದಿನಕ್ಕೆ ಕನಿಷ್ಠ 300 ಟನ್ ಬೇಕಿದ್ದಲ್ಲಿ ಸರಾಸರಿ ಬಂದದ್ದು ಅದರ ಮೂರನೆಯ ಒಂದು ಪಾಲಿನಷ್ಟು. ಸೈನಿಕರು ಕುದುರೆಗಳನ್ನು ಕೊಂದು ತಿಂದರು. ಜನವರಿಯಲ್ಲಿ ಪಿಟೊಮ್ನಿಕ್, ಗುಮ್ರಾಕ್ ವಿಮಾನನೆಲೆಗಳು ಕೈತಪ್ಪಿದ ಮೇಲೆ ಗಾಯಾಳುಗಳನ್ನು ಸಾಗಿಸುವ ದಾರಿಯೂ ಮುಚ್ಚಿತು. ಜನವರಿ 30ರಂದು ಪೌಲಸ್‌ಗೆ ಫೀಲ್ಡ್ ಮಾರ್ಷಲ್ ಪದವಿ ಸಿಕ್ಕಿತು. ಮರುದಿನವೇ ಅವನು ಅಂಗಡಿ ಮಳಿಗೆಯೊಂದರ ನೆಲಮಾಳಿಗೆಯಲ್ಲಿ ಸೆರೆಯಾದ. ಫೆಬ್ರವರಿ 2ರಂದು ಉಳಿದವರೂ ಶರಣಾದರು. ಸೆರೆಸಿಕ್ಕ ಸುಮಾರು 91,000 ಮಂದಿಯಲ್ಲಿ ಊರಿಗೆ ಮರಳಿದವರು ಆರು ಸಾವಿರದಷ್ಟು ಮಾತ್ರ.

ಅಟ್ಲಾಂಟಿಕ್ ಮತ್ತು ಕುರ್ಸ್ಕ್ (1943)

ಅಮೆರಿಕದ ಸಾಮಗ್ರಿ ಯುರೋಪನ್ನು ತಲಪಬೇಕಾದರೆ ಜರ್ಮನ್ ಜಲಾಂತರ್ಗಾಮಿಗಳ ಕಾಟ ತಪ್ಪಬೇಕಿತ್ತು. ದೂರಗಾಮಿ ಲಿಬರೇಟರ್ ವಿಮಾನಗಳು, ಸುಧಾರಿತ ರೇಡಾರ್ ಮತ್ತು ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನ ಗೂಢಲಿಪಿ ತಜ್ಞರ ದುಡಿಮೆ ಒಟ್ಟಾಗಿ ಫಲ ಕೊಟ್ಟವು. ಮೇ ಒಂದೇ ತಿಂಗಳಲ್ಲಿ 40ಕ್ಕೂ ಹೆಚ್ಚು ಜಲಾಂತರ್ಗಾಮಿಗಳನ್ನು ಕಳೆದುಕೊಂಡ ನೌಕಾಧಿಪತಿ ಡ್ಯೋನಿಟ್ಸ್ ಅವುಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡ. ಇತ್ತ ರಷ್ಯದಲ್ಲಿ ಜುಲೈ 5ರಂದು ಕುರ್ಸ್ಕ್ ಬಳಿ ಆರಂಭವಾದದ್ದು ಪೂರ್ವ ರಂಗದಲ್ಲಿ ಜರ್ಮನಿಯ ಕೊನೆಯ ಮಹಾ ಆಕ್ರಮಣ. ಅದು ಮುರಿದುಬೀಳುತ್ತಿದ್ದಾಗಲೇ ಬ್ರಿಟನ್, ಅಮೆರಿಕಗಳ ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದವು. ಜುಲೈ 25ರಂದು ಇಟಲಿಯ ಸರ್ವಾಧಿಕಾರಿ ಮುಸ್ಸೊಲಿನಿ ಪದಚ್ಯುತನಾದ.

ಇಂಫಾಲ–ಕೊಹಿಮಾ (1944)

ಬರ್ಮಾ ರಂಗದಲ್ಲಿ ತಿರುವು ಮರುವರ್ಷ ಬಂತು; ಅದು ಭಾರತದ ನೆಲದಲ್ಲೇ ನಡೆಯಿತು. ಬ್ರಿಟಿಷರ ದಾಸ್ತಾನುಗಳನ್ನು ಕಸಿದುಕೊಳ್ಳಬಹುದೆಂಬ ನಂಬಿಕೆಯಲ್ಲಿ ಜಪಾನಿನ ಸೇನಾನಿ ಮುಟಗುಚಿ ಮೂರು ವಾರಗಳಷ್ಟೇ ಆಹಾರದೊಂದಿಗೆ ಹೊರಟ. ಭಾರತದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಆಜಾದ್ ಹಿಂದ್ ಫೌಜಿನ ತುಕಡಿಗಳೂ ಜೊತೆಗಿದ್ದವು. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಎರಡು ಬದಿಗಳಿಂದ ಎದುರಾಳಿಗಳು ಕೈಬಾಂಬು ಎಸೆದುಕೊಂಡರು. ಮುತ್ತಿಗೆಗೊಳಗಾದ ಇಂಫಾಲವನ್ನು ಬ್ರಿಟಿಷ್ ಸೇನಾನಿ ಸ್ಲಿಮ್‌ನ ಸೇನೆ ವಿಮಾನ ಸರಬರಾಜಿನಿಂದಲೇ ಉಳಿಸಿಕೊಂಡಿತು. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನಿಗೆ ಆಗದ ಕೆಲಸ ಇಲ್ಲಿ ಆಯಿತು. ಸತ್ತ ಸುಮಾರು 30,000 ಜಪಾನಿಯರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಸಿವು ಮತ್ತು ರೋಗ. 

ಮೌಲ್ಯಮಾಪನ

1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದದ್ದನ್ನು ಯುದ್ಧದ ತಿರುವೆಂದು ಹಲವರು ಎಣಿಸುತ್ತಾರೆ. ಆದರೆ ಆ ವೇಳೆಗೆ ಜರ್ಮನಿ ಪೂರ್ವದಲ್ಲಿ ಒಂದು ವರ್ಷದಿಂದ ಹಿಂಜರಿಯುತ್ತಲೇ ಇತ್ತು. ಅದರ ಸೇನೆಯ ಬಹುಪಾಲು ನಷ್ಟ ಆಗಿದ್ದೂ ಅಲ್ಲೇ. ಪೆಸಿಫಿಕ್‌ನಲ್ಲಿ ನಷ್ಟ ತುಂಬಿಕೊಳ್ಳುವ ಶಕ್ತಿಯ ಅಂತರವೂ ದೊಡ್ಡದಾಗಿತ್ತು: 1944ರಲ್ಲಿ ಅಮೆರಿಕ ತಯಾರಿಸಿದ ವಿಮಾನಗಳು ಸುಮಾರು 96,000. ಜಪಾನ್ ತಯಾರಿಸಿದ್ದು 28,000ದಷ್ಟು. ನಾರ್ಮಂಡಿ ಯುದ್ಧದ ಅಂತ್ಯವನ್ನು ಹತ್ತಿರ ತಂದಿತು. ಆದರೆ ಸೋಲುಗೆಲುವು 1943ರ ಬೇಸಗೆ ಕಳೆಯುವುದರೊಳಗೇ ನಿರ್ಧಾರವಾಗಿತ್ತು.