ವಿಚಾರಣೆಯ ವಿಳಂಬ ಮತ್ತು ಜಾಮೀನಿನ ಹಕ್ಕು

ಕ್ರಿಮಿನಲ್ ಮೊಕದ್ದಮೆ ವರ್ಷಗಟ್ಟಲೆ ಮುಗಿಯದಿದ್ದಾಗ ವಿಚಾರಣಾಧೀನ ಕೈದಿಯು ಬಿಡುಗಡೆ ಕೋರುವ ಹಕ್ಕು. ಸಂವಿಧಾನದ 21ನೇ ವಿಧಿ ಇದರ ತಳಹದಿ. ತ್ವರಿತ ವಿಚಾರಣೆ ಅದರಲ್ಲೇ ಅಡಕವೆಂದು ಸುಪ್ರೀಂ ಕೋರ್ಟ್ 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸಾರಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಸೆರೆಯಲ್ಲಿದ್ದವರು ಜಾಮೀನಿಗೆ ಅರ್ಹರು. ಹಿಂದೆ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವುದು ಜೈಲು ಅಧೀಕ್ಷಕರ ಕರ್ತವ್ಯ.

ಈ ಸಂಹಿತೆ ಜಾರಿಗೆ ಬರುವ ಮೊದಲೇ, ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಪ್ರಕರಣದ ಆರೋಪಿಯೊಬ್ಬರಿಗೆ ಕರ್ನಾಟಕ ಹೈಕೋರ್ಟ್ 2023ರ ಡಿಸೆಂಬರ್‌ನಲ್ಲಿ ವಿಚಾರಣೆಯ ವಿಳಂಬವನ್ನು ಪರಿಗಣಿಸಿ ಜಾಮೀನು ನೀಡಿತು. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಲು ಒಪ್ಪಲಿಲ್ಲ.

ಗದಗ ಜಿಲ್ಲೆಯ ಲಕ್ಕುಂಡಿಯಂಥ ಊರಿನ ಬಡ ಕೈದಿಯ ಮನೆಯವರು ಇಂಥ ಜಾಮೀನಿಗಾಗಿ ಗದಗಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಕೋರಬಹುದು.