ಮುಕ್ತಪೇಟೆಯೂ ಮಾಲಿಕರ ಒಪ್ಪಂದವೂ

ಇಂಟೆಲ್ ಸಂಸ್ಥೆಯನ್ನು 1968ರಲ್ಲಿ ಸ್ಥಾಪಿಸಿದವರಲ್ಲೊಬ್ಬನಾದ ರಾಬರ್ಟ್ ನಾಯ್ಸನು, ಕಾರ್ಮಿಕಸಂಘಗಳಿಲ್ಲದಿರುವುದೇ ಇಂತಹ ಉದ್ಯಮಗಳ ಉಳಿವಿಗೆ ಆಧಾರವೆಂದು ಭಾವಿಸಿದ್ದನು. ಸಿಲಿಕಾನ್ ಕಣಿವೆಯಲ್ಲಿ ಈ ಮತವೇ ಬೇರೂರಿತು. ಸಂಬಳ ಸಾಲದಾದರೆ ನೌಕರನು ನೆರೆಯ ಸಂಸ್ಥೆಗೆ ಹೋಗಬಹುದು; ಅವನಿಗೆ ಸಂಘವೇಕೆ? ವಾದವೇನೋ ಸೊಗಸಾದುದೇ. ಆದರೆ ನೆರೆಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಪರಸ್ಪರರ ನೌಕರರನ್ನು ತಾವಾಗಿ ಕರೆಯತಕ್ಕುದಲ್ಲವೆಂದು ಆಪಲ್, ಗೂಗಲ್, ಅಡೋಬಿ, ಇಂಟೆಲ್ ಮೊದಲಾದ ಸಂಸ್ಥೆಗಳು ಒಳಒಪ್ಪಂದ ಮಾಡಿಕೊಂಡಿದ್ದುವೆಂದು ಅಮೆರಿಕೆಯ ನ್ಯಾಯ ಇಲಾಖೆಯು 2010ರಲ್ಲಿ ದಾವೆ ಹೂಡಿತು. ಸಂಘವನ್ನು ಬೇಡವೆಂದ ಪೇಟೆಯಲ್ಲಿ ಮಾಲಿಕರು ಮಾತ್ರ ಒಗ್ಗಟ್ಟಾಗಿದ್ದರೆಂಬುದೇ ಆ ದಾವೆಯ ತಿರುಳು. ಸುಮಾರು 64,000 ನೌಕರರ ಪರವಾಗಿ ನಡೆದ ಇನ್ನೊಂದು ವ್ಯಾಜ್ಯದಲ್ಲಿ ಈ ನಾಲ್ಕು ಸಂಸ್ಥೆಗಳು 41.5 ಕೋಟಿ ಡಾಲರು ತೆರಲು ಒಪ್ಪಿದುವು, ತಪ್ಪನ್ನು ಒಪ್ಪಲಿಲ್ಲ. ರಾಜಿಗೆ ನ್ಯಾಯಾಲಯದ ಸಮ್ಮತಿ ದೊರೆತುದು 2015ರಲ್ಲಿ. ಗೂಗಲಿನ ಮಾತೃಸಂಸ್ಥೆಯಾದ ಆಲ್ಫಬೆಟ್‌ನ ನೌಕರರು ಬಹಿರಂಗವಾಗಿ ಸಂಘ ಕಟ್ಟಿದುದು 2021ರ ಜನವರಿಯಲ್ಲಿ.